ನಡುವೆ ನಿಂತವನು, ಮತ್ತೆ ಎರಡನೇ ದನಿ

ನಮ್ಮೂರ ಚರ್ಚಿನ ಒಳಗೋಡೆಯ ಮೇಲೆ ‘ಯೇಸುವಿಗೆ ಮೊದಲ ಸ್ಥಾನ’ ಎಂದು ನೀಲಿ ಬಣ್ಣದಲ್ಲಿ ಬರೆದಿತ್ತು. ಸಂಡೇ ಸ್ಕೂಲಿನಲ್ಲಿ ಕೂತು ‘ಸ್ಥಾ’ ಎಂಬ ಒತ್ತಕ್ಷರವನ್ನು ನಾನು ಕಲಿತದ್ದು ಆ ಗೋಡೆಯಿಂದಲೇ. ಪರೀಕ್ಷೆಗೆ ಹೊರಡುವ ಮುಂಚೆ, ಊಟಕ್ಕೆ ಕೂರುವ ಮುಂಚೆ, ಹೊಸ ಸ್ಕೂಟರಿನ ಕೀಲಿ ತಿರುಗಿಸುವ ಮುಂಚೆ ಮನೆಯಲ್ಲೂ ಅದೇ ಮಾತು. ಕ್ಯಾಲೆಂಡರಿನ ಹಾಗೆ ಗೋಡೆಯಲ್ಲಿ ತನ್ನ ಪಾಡಿಗೆ ತಾನಿರುವ, ಯಾರಿಗೂ ನೋವು ಮಾಡದ ಮಾತು ಅದು ಅಂದುಕೊಂಡಿದ್ದೆ.

ನನಗೆ ಹದಿನಾಲ್ಕಾಗಿದ್ದಾಗ ಚಿಕ್ಕಮ್ಮ ಸಭೆಯ ಹೊರಗಿನವರೊಬ್ಬರನ್ನು ಮದುವೆಯಾದಳು. ಅವಳು ಕ್ವಾಯರಿನಲ್ಲಿ ಆಲ್ಟೊ ಹಾಡುತ್ತಿದ್ದಳು. ಮುಖ್ಯ ರಾಗ ಸೊಪ್ರಾನೊದವರದ್ದು; ಅದರ ಕೆಳಗೆ, ಕೇಳಿಯೂ ಕೇಳಿಸದ ಹಾಗೆ ಸಾಗುವ ಎರಡನೇ ದನಿ ಅವಳದ್ದು. ಮದುವೆಯಾದ ಮೇಲೆ ಒಂದು ಸಂಜೆ ಸಭೆಯ ಇಬ್ಬರು ಹಿರಿಯರು ಮನೆಗೆ ಬಂದರು. ಕಾಫಿ ಕುಡಿದರು, ಅಜ್ಜಿಯ ಮಂಡಿನೋವು ವಿಚಾರಿಸಿದರು. ಆಮೇಲೆ ಮೆಲ್ಲಗೆ, ‘ಯೇಸುವಿಗೆ ಮೊದಲ ಸ್ಥಾನ ಕೊಡದವರು ಮುಂದೆ ನಿಂತು ಹಾಡೋದು ಸರಿಯಾಗಲ್ಲ ಅಲ್ವಾಮ್ಮಾ’ ಅಂದರು. ಯಾರೂ ದನಿ ಎತ್ತಲಿಲ್ಲ. ಅಜ್ಜಿ ಬಿಸ್ಕತ್ತಿನ ತಟ್ಟೆಯನ್ನು ಅವರತ್ತ ಇನ್ನೊಂದಿಷ್ಟು ತಳ್ಳಿದರು. ಮುಂದಿನ ಭಾನುವಾರದಿಂದ ಚಿಕ್ಕಮ್ಮ ಹಿಂದಿನ ಬೆಂಚಿನಲ್ಲಿ ಕೂತಳು.

ಆ ಸಂಜೆಯ ನಂತರ ಗೋಡೆಯ ಮೇಲಿನ ಮಾತನ್ನು ಓದಿದಾಗಲೆಲ್ಲ ನನಗೆ ಬಿಸ್ಕತ್ತಿನ ತಟ್ಟೆ ಕಾಣುತ್ತದೆ. ಹಾಗಾಗಿ, ಸಂಶೋಧನೆಗೆಂದು ‘ಸಮುದಾಯ’ ಎಂಬ ಪರಿಕಲ್ಪನೆಯ ಬಗ್ಗೆ ಓದುತ್ತಿದ್ದಾಗ ನನ್ನ ಗೈಡ್ ಡೀಟ್ರಿಶ್ ಬಾನ್‌ಹೋಫರ್‌ನ ‘ಲೈಫ್ ಟುಗೆದರ್’ ಕೈಗಿತ್ತರೆ, ನಾನದನ್ನು ಎರಡು ತಿಂಗಳು ಮುಟ್ಟಲಿಲ್ಲ. ಸಣ್ಣ ಪುಸ್ತಕ, ಜಾನ್ ಡಾಬರ್‌ಸ್ಟೈನ್ 1954ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ನೂರಿಪ್ಪತ್ತು ಪುಟ ದಾಟುವುದು ಕಷ್ಟ. ಪುಟ ತಿರುಗಿಸಿದರೆ ಬೆಳಗಿನ ಪ್ರಾರ್ಥನೆ, ಕೀರ್ತನೆಗಳ ಓದು, ಊಟದ ಮೇಜು, ಪಾಪನಿವೇದನೆ. ಎಲ್ಲದರಲ್ಲೂ ಯೇಸುವೇ ಮೊದಲು. ಇದು ನನಗೆ ಗೊತ್ತಿರುವ ಗೋಡೆಯೇ ಅಂದುಕೊಂಡು ಓದಲು ಶುರುಮಾಡಿದೆ. ಹದಿನೈದು ಪುಟಕ್ಕೇ ಆ ಧೈರ್ಯ ಹೋಯಿತು.

ಪುಸ್ತಕ ಹುಟ್ಟಿದ ಬಗೆಯನ್ನು ಮೊದಲು ಹೇಳಬೇಕು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿಯ ಪ್ರೊಟೆಸ್ಟೆಂಟ್ ಚರ್ಚಿನಲ್ಲಿ ‘ಜರ್ಮನ್ ಕ್ರೈಸ್ತರು’ ಎಂಬ ಗುಂಪು ಮೇಲುಗೈ ಪಡೆಯಿತು; ಯೆಹೂದಿ ಮೂಲದವರು ಪಾಸ್ಟರ್‌ಗಳಾಗಿರಬಾರದು ಎಂಬ ನಿಯಮ ಚರ್ಚಿನೊಳಕ್ಕೂ ಬಂತು. ಇದನ್ನು ವಿರೋಧಿಸಿದವರು ಕಟ್ಟಿಕೊಂಡದ್ದು ಕನ್ಫೆಸಿಂಗ್ ಚರ್ಚ್. ಅದರ ಯುವ ಪಾಸ್ಟರ್‌ಗಳಿಗೆ ತರಬೇತಿ ಕೊಡಲು 1935ರಲ್ಲಿ ಸ್ಟೆಟಿನ್ ಹತ್ತಿರದ ಫಿಂಕೆನ್‌ವಾಲ್ಡೆ ಎಂಬಲ್ಲಿ ಒಂದು ಸೆಮಿನರಿ ನಡೆಯತೊಡಗಿತು. ಬಾನ್‌ಹೋಫರ್ ಅದರ ಮುಖ್ಯಸ್ಥ, ಇಪ್ಪತ್ತೊಂಬತ್ತು ವರ್ಷ. (ನನ್ನ ವಯಸ್ಸು. ನನಗಿನ್ನೂ ಪ್ರಬಂಧದ ಮೂರನೇ ಅಧ್ಯಾಯ ಮುಗಿದಿಲ್ಲ.) ಆ ಕೆಲಸಕ್ಕೆ ಬರುವ ಮೊದಲು ಅವನು ಲಂಡನ್ನಿನಲ್ಲಿದ್ದ. ಅಲ್ಲಿಂದ ಭಾರತಕ್ಕೆ ಬಂದು ಗಾಂಧಿಯ ಆಶ್ರಮದಲ್ಲಿ ಕೆಲವು ಕಾಲ ಇರಬೇಕೆಂಬ ಆಸೆ ಅವನಿಗಿತ್ತು; 1934ರ ನವೆಂಬರಿನಲ್ಲಿ ಗಾಂಧಿ ಬರೆದ ಆಹ್ವಾನವೂ ಬಂದಿತ್ತು. ಸೆಮಿನರಿಯ ಕರೆ ಬಂದದ್ದರಿಂದ ಆ ಪ್ರಯಾಣ ನಡೆಯಲಿಲ್ಲ. ಒಟ್ಟಿಗೆ ಬದುಕುವುದು, ಒಟ್ಟಿಗೆ ಉಣ್ಣುವುದು, ದಿನಚರಿಯನ್ನೇ ಸಾಧನೆಯಾಗಿಸುವುದು ಇವನ್ನೆಲ್ಲ ಅವನು ಆಶ್ರಮದಲ್ಲಿ ನೋಡಬೇಕೆಂದಿದ್ದ. ಕೊನೆಗೆ ಬಾಲ್ಟಿಕ್ ಕರಾವಳಿಯ ಬಳಿಯ ಒಂದು ಹಳೆಯ ಮನೆಯಲ್ಲಿ ತಾನೇ ಮಾಡಿ ನೋಡಿದ. 1937ರ ಸೆಪ್ಟೆಂಬರಿನಲ್ಲಿ ಗೆಸ್ಟಾಪೊ ಆ ಮನೆಗೆ ಬೀಗ ಹಾಕಿತು.

ಪುಸ್ತಕ ಬರೆದದ್ದು ಮರುವರ್ಷ, 1938ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಸುಮಾರು ನಾಲ್ಕು ವಾರದಲ್ಲಿ. ಬರೆದದ್ದು ಗ್ಯೋಟಿಂಗೆನ್‌ನಲ್ಲಿ, ಅವನ ಅವಳಿ ತಂಗಿ ಸಬೀನೆಯ ಮನೆಯಲ್ಲಿ. ಸಬೀನೆಯ ಗಂಡ ಗೆರ್‌ಹಾರ್ಡ್ ಲೈಬ್‌ಹೋಲ್ಟ್ಸ್ ಯೆಹೂದಿ ಮೂಲದವನು. ಸ್ವಲ್ಪ ದಿನಗಳ ಹಿಂದಷ್ಟೇ ಅವರು ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿ ಓಡಿಹೋಗಿದ್ದರು. ಅಂದರೆ ‘ಒಟ್ಟಿಗೆ ಬಾಳುವುದು’ ಎಂಬ ಪುಸ್ತಕವನ್ನು ಬರೆದದ್ದು, ಬಾಳುತ್ತಿದ್ದವರು ಬಿಟ್ಟುಹೋದ ಖಾಲಿ ಮನೆಯಲ್ಲಿ. ಈ ಸಂಗತಿ ಪುಸ್ತಕದ ಒಳಗೆ ಒಂದು ಸಾಲಾಗಿಯೂ ಬರುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಬಾನ್‌ಹೋಫರ್‌ನ ಮುಖ್ಯ ವಾದ ಇಷ್ಟು: ಒಬ್ಬ ಕ್ರೈಸ್ತ ಇನ್ನೊಬ್ಬನನ್ನು ನೇರವಾಗಿ ತಲುಪಲಾರ, ತಲುಪಬಾರದು. ಇಬ್ಬರ ನಡುವೆ ಕ್ರಿಸ್ತ ನಿಂತಿದ್ದಾನೆ. ಮೊದಲ ಓದಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಪ್ರೀತಿಸುವವರ ನಡುವೆ ದೇವರನ್ನು ತಂದು ಅಡ್ಡ ನಿಲ್ಲಿಸುವುದೇ? ಆದರೆ ಅವನು ಪ್ರೀತಿಯಲ್ಲಿ ಎರಡು ಬಗೆ ಗುರುತಿಸುತ್ತಾನೆ. ಒಂದು, ಇನ್ನೊಬ್ಬರನ್ನು ತನ್ನೊಳಕ್ಕೆ ಎಳೆದುಕೊಳ್ಳುವ ಪ್ರೀತಿ. ಅದು ಬಿಸಿಯಾಗಿರುತ್ತದೆ, ತ್ಯಾಗವನ್ನೂ ಮಾಡುತ್ತದೆ. ಆದರೆ ಎದುರಿನವರು ತನಗೆ ಬೇಕಾದ ರೂಪಕ್ಕೆ ಬರಲೊಪ್ಪದ ದಿನ ಅದು ಹಗೆಯಾಗುತ್ತದೆ. ಇನ್ನೊಂದು ಪ್ರೀತಿ, ಎದುರಿನವರು ನನಗಿಂತ ಮೊದಲೇ ಬೇರೆಯವನಿಗೆ ಸೇರಿದವರು ಎಂದು ತಿಳಿದದ್ದು. ಅವರನ್ನು ತಿದ್ದುವ, ಆಳುವ, ನನ್ನ ಅಚ್ಚಿಗೆ ಎರೆಯುವ ಹಕ್ಕು ನನಗಿಲ್ಲ. ಆ ಜಾಗ ಆಗಲೇ ತುಂಬಿದೆ. ಯೇಸು ‘ಮೊದಲು’ ಅಂದರೆ, ನಾನು ಅವರ ಬಳಿಗೆ ಹೋಗುವಷ್ಟರಲ್ಲಿ ಅವನು ಅಲ್ಲಿ ಇದ್ದಾನೆ ಎಂದು.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಹಾಸ್ಟೆಲ್ಲಿನ ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ಓಡಾಡಿದೆ. ನಮ್ಮ ಮನೆಗೆ ಬಂದ ಹಿರಿಯರು ಕೂತದ್ದು ಆ ನಡುವಿನ ಜಾಗದಲ್ಲೇ ಅಲ್ಲವೇ? ಯೇಸುವಿಗೂ ಚಿಕ್ಕಮ್ಮನಿಗೂ ನಡುವೆ. ಮೊದಲ ಸ್ಥಾನದ ಹೆಸರು ಹೇಳಿ ಆ ಸ್ಥಾನದಲ್ಲಿ ತಾವೇ ಕೂತರು.

ಕನ್ನಡ ಬೈಬಲಿನಲ್ಲಿ ಕ್ರೈಸ್ತ ಸಹಬಾಳ್ವೆಗೆ ಬಳಕೆಯಾಗುವ ಪದ ‘ಅನ್ಯೋನ್ಯತೆ’. ನಾವು ದಿನಬಳಕೆಯಲ್ಲಿ ಗಂಡ ಹೆಂಡತಿ ಅನ್ಯೋನ್ಯವಾಗಿದ್ದಾರೆ ಅನ್ನುವಾಗ ಇಬ್ಬರೂ ಒಂದೇ ಆಗಿಬಿಟ್ಟಿದ್ದಾರೆ ಎಂಬ ಅರ್ಥದಲ್ಲಿ ಹೇಳುತ್ತೇವೆ. ಪದವನ್ನು ಬಿಡಿಸಿದರೆ ಸಿಗುವುದು ಬೇರೆ: ಅನ್ಯ ಮತ್ತು ಅನ್ಯ. ಇಬ್ಬರು ಅನ್ಯರು ಅನ್ಯರಾಗಿಯೇ ಉಳಿದು ಎದುರುಬದುರಾಗಿರುವುದು. ಬಾನ್‌ಹೋಫರ್ ಪುಟಗಟ್ಟಲೆ ವಾದಿಸುವುದನ್ನು ಈ ಪದ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದೆ. ಪ್ರತಿ ಭಾನುವಾರ ಅದನ್ನು ಕೇಳುತ್ತಾ ಬೆಳೆದ ನನಗೆ, ಅದು ತಿಳಿಯಲು ಒಬ್ಬ ಜರ್ಮನ್ ಪಾಸ್ಟರ್ ಬೇಕಾಯಿತು.

ಇದರ ಜೊತೆಗೇ ಬರುವುದು ‘ಕನಸಿನ ಸಮುದಾಯ’ದ ಮೇಲೆ ಅವನ ದಾಳಿ. ಇಡೀ ಪುಸ್ತಕದಲ್ಲಿ ಹೆಚ್ಚು ಉಲ್ಲೇಖವಾಗುವ ಭಾಗವೂ ಇದೇ. ಸಮುದಾಯ ಹೀಗಿರಬೇಕು ಎಂಬ ಸುಂದರ ಚಿತ್ರವನ್ನು ಹೊತ್ತುಕೊಂಡು ಬರುವವನು, ಎದುರಿಗಿರುವ ಜನರಿಗಿಂತ ಆ ಚಿತ್ರವನ್ನು ಹೆಚ್ಚು ಪ್ರೀತಿಸುತ್ತಾನೆ. ಆಮೇಲೆ ಚಿತ್ರಕ್ಕೆ ಹೊಂದದವರನ್ನು ದೂರುತ್ತಾನೆ, ಕೊನೆಗೆ ದೇವರನ್ನೇ ದೂರುತ್ತಾನೆ. ಇದು ಚರ್ಚಿಗಷ್ಟೇ ಅನ್ವಯಿಸುವ ಮಾತೆಂದು ನನಗನ್ನಿಸುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಓದುಗುಂಪುಗಳಲ್ಲಿ, ಸಂಘಟನೆಗಳಲ್ಲಿ ಇದೇ ಕತೆಯನ್ನು ಎಷ್ಟು ಸಲ ನೋಡಿಲ್ಲ? ಕಟ್ಟಿದವನಿಗೆ ಬಂದವರ ಬಗ್ಗೆ ನಿರಾಸೆ. ಬಂದವರಿಗೆ ಹೊತ್ತಿಗೆ ಸರಿಯಾಗಿ ಟೀ ಸಿಕ್ಕರೆ ಸಾಕಾಗಿರುತ್ತದೆ.

‘ಯೇಸುವೇ ಮೊದಲು’ ಎಂಬ ಮಾತಿಗೆ ಆ ದಿನಗಳ ಜರ್ಮನಿಯಲ್ಲಿ ಏನು ಬೆಲೆಯಿತ್ತು ಎಂಬುದನ್ನು ಮರೆತರೆ ಈ ಪುಸ್ತಕವನ್ನು ಒಂದು ಭಕ್ತಿ ಕೈಪಿಡಿಯಾಗಿ ಓದಿ ಮುಗಿಸಬಹುದು. 1934ರ ಮೇ ತಿಂಗಳಲ್ಲಿ ಬಾರ್ಮೆನ್‌ನಲ್ಲಿ ಸೇರಿದ ಕನ್ಫೆಸಿಂಗ್ ಚರ್ಚ್, ಕಾರ್ಲ್ ಬಾರ್ತ್ ಮುಖ್ಯವಾಗಿ ರಚಿಸಿದ ಘೋಷಣೆಯಲ್ಲಿ, ತಾನು ಕೇಳಬೇಕಾದ ಮಾತು ಕ್ರಿಸ್ತನೊಬ್ಬನದ್ದೇ ಎಂದಿತು. ಹಾಗೆಂದರೆ ಹಿಟ್ಲರನದ್ದಲ್ಲ ಎಂದು ಎಲ್ಲರಿಗೂ ಅರ್ಥವಾಗುತ್ತಿತ್ತು. ಅದಕ್ಕೂ ಮೊದಲು, ಹಿಟ್ಲರ್ ಚಾನ್ಸಲರ್ ಆದ ಎರಡೇ ದಿನಕ್ಕೆ, ನಾಯಕ ಎಂಬ ಕಲ್ಪನೆಯ ಅಪಾಯದ ಬಗ್ಗೆ ಬಾನ್‌ಹೋಫರ್ ರೇಡಿಯೋದಲ್ಲಿ ಮಾತಾಡಿದ್ದ. ಭಾಷಣ ಮುಗಿಯುವ ಮೊದಲೇ ಪ್ರಸಾರ ನಿಂತುಹೋಯಿತು. ‘ಲೈಫ್ ಟುಗೆದರ್’ನ ನಾಲ್ಕನೇ ಅಧ್ಯಾಯದಲ್ಲಿ ಆ ರೇಡಿಯೋ ಭಾಷಣ ಮೆಲುದನಿಯಲ್ಲಿ ಮುಂದುವರಿಯುತ್ತದೆ. ಸಭೆಗೆ ಥಳಕಿನ ವ್ಯಕ್ತಿತ್ವಗಳು ಬೇಡ, ಸೇವಕರು ಬೇಕು ಅನ್ನುತ್ತಾನೆ. ಚರ್ಚಿನ ಬಗ್ಗೆ ಹೇಳಿದ ಮಾತೇ. ಆದರೆ 1939ರಲ್ಲಿ ಅಚ್ಚಾದ ಪುಟವನ್ನು ಓದುವವನಿಗೆ ಹೊರಗಿನ ಬೀದಿಯೂ ಕಾಣದಿರಲು ಸಾಧ್ಯವಿಲ್ಲ.

ಆ ಅಧ್ಯಾಯದ ಜೋಡಣೆಯನ್ನು ಗಮನಿಸಬೇಕು. ಅದು ಶುರುವಾಗುವುದು ನಾಲಿಗೆಯಿಂದ: ಇನ್ನೊಬ್ಬರ ಬಗ್ಗೆ ಮಾತಾಡದಿರುವುದು. ಫಿಂಕೆನ್‌ವಾಲ್ಡೆಯಲ್ಲಿ, ಎದುರಿಗಿಲ್ಲದವನ ಬಗ್ಗೆ ಯಾರೂ ಮಾತಾಡಬಾರದು, ಬಾಯಿತಪ್ಪಿ ಆಡಿದರೆ ಅದನ್ನು ಅವನಿಗೇ ಹೋಗಿ ಹೇಳಬೇಕು ಎಂಬ ನಿಯಮವಿತ್ತು. (ನಮ್ಮ ಹಾಸ್ಟೆಲ್ಲಿನಲ್ಲಿ ಈ ನಿಯಮ ತಂದರೆ ಮೆಸ್ಸಿನಲ್ಲಿ ಚಮಚದ ಸದ್ದು ಮಾತ್ರ ಕೇಳಬಹುದು.) ಆಮೇಲೆ ಬರುವುದು ಕೇಳಿಸಿಕೊಳ್ಳುವುದು, ಪಾಸ್ಟರ್‌ಗಳು ಸುಲಭಕ್ಕೆ ಮಾಡದ ಕೆಲಸ ಎಂಬ ಕುಟುಕಿನೊಂದಿಗೆ. ಆಮೇಲೆ ಸಣ್ಣಪುಟ್ಟ ಸಹಾಯ, ಆಮೇಲೆ ಇನ್ನೊಬ್ಬರ ಭಾರ ಹೊರುವುದು. ಇಷ್ಟೆಲ್ಲ ಆದ ಮೇಲಷ್ಟೇ ದೇವರ ವಾಕ್ಯವನ್ನು ಇನ್ನೊಬ್ಬರಿಗೆ ಹೇಳುವ, ಬುದ್ಧಿಮಾತು ಹೇಳುವ ಸರದಿ. ಎಲ್ಲಕ್ಕಿಂತ ಕೊನೆಗೆ ಅಧಿಕಾರ.

ಇಲ್ಲಿ ನನಗೆ ಹಿತವಲ್ಲದ ಒಂದು ವಿಷಯವನ್ನೂ ಹೇಳಲೇಬೇಕು. ತಪ್ಪಿನಲ್ಲಿರುವವರನ್ನು ಮೃದುವಾಗಿ ನಡೆಸಿಕೊಂಡು ಅಲ್ಲೇ ಬಿಟ್ಟುಬಿಡುವುದು ಕ್ರೌರ್ಯ, ಗಟ್ಟಿಯಾಗಿ ಎಚ್ಚರಿಸುವುದೇ ಕರುಣೆ ಎಂದು ಬಾನ್‌ಹೋಫರ್ ಇದೇ ಅಧ್ಯಾಯದಲ್ಲಿ ವಾದಿಸುತ್ತಾನೆ. ನಮ್ಮ ಹಿರಿಯರ ಕೈಗೆ ಈ ಪುಸ್ತಕ ಸಿಕ್ಕಿದ್ದರೆ ಅವರಿಗೂ ಒಂದು ಪುಟ ಸಿಗುತ್ತಿತ್ತು. ಆ ಪುಟವನ್ನು ಮುಚ್ಚಿಟ್ಟು ಅವನನ್ನು ನನ್ನ ಪಕ್ಷಕ್ಕೆ ಎಳೆದುಕೊಳ್ಳುವುದು, ಅವನೇ ಬೇಡವೆಂದ ಬಗೆಯ ಪ್ರೀತಿಯಾದೀತು. ನನ್ನ ಉತ್ತರ ಇರುವುದು ಆ ಸರದಿಯಲ್ಲಿ. ಹಿರಿಯರು ನೇರ ಐದನೇ ಮೆಟ್ಟಿಲಿನಿಂದ ಶುರುಮಾಡಿದರು. ಚಿಕ್ಕಮ್ಮನ ಮಾತನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ಅವಳು ಆ ಸಂಜೆ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

ಇನ್ನು ಪುಸ್ತಕದೊಂದಿಗೆ ನನ್ನ ಜಗಳ. ಅದು ಸಂಗೀತದ ಭಾಗದಲ್ಲಿದೆ. ಸಭೆ ಒಟ್ಟಾಗಿ ಹಾಡುವುದನ್ನು ಬಾನ್‌ಹೋಫರ್ ತುಂಬ ಗಂಭೀರವಾಗಿ ತೆಗೆದುಕೊಳ್ಳುತ್ತಾನೆ. ಅವನ ಪ್ರಕಾರ ಎಲ್ಲರೂ ಒಂದೇ ರಾಗವನ್ನು, ಒಂದೇ ದನಿಯಲ್ಲಿ ಹಾಡಬೇಕು. ಅದನ್ನು ಕೆಡಿಸುವವರ ಪಟ್ಟಿಯನ್ನೇ ಕೊಡುತ್ತಾನೆ: ಸುಮ್ಮನಿರಲಾರದೆ ಎರಡನೇ ದನಿ ಸೇರಿಸುವವರು, ತಮ್ಮ ಕಂಠ ಕೇಳಲೆಂದು ಬೇಸ್ ಅಥವಾ ಆಲ್ಟೊ ಹಾಡುವವರು, ಎಲ್ಲರಿಗಿಂತ ಎತ್ತರಕ್ಕೆ ಏರುವ ಒಂಟಿ ಕಂಠ, ಹಾಡುವುದೇ ಇಲ್ಲವೆಂದು ಮುಖ ಊದಿಸಿಕೊಂಡವರು. ಓದಿ ನಕ್ಕೆ. ಕ್ವಾಯರಿನಲ್ಲಿ ನಿಂತವರಿಗೆಲ್ಲ ಈ ಜನ ಗೊತ್ತು. ಆದರೂ ನಗು ಬೇಗ ಆರಿತು. ಪುಸ್ತಕವಿಡೀ ಇನ್ನೊಬ್ಬರು ಬೇರೆಯಾಗಿ ಉಳಿಯುವ ಹಕ್ಕನ್ನು ಕಾಯುವವನು, ಹಾಡುವ ಹೊತ್ತಿಗೆ ಬೇರೆ ದನಿಯನ್ನು ಯಾಕೆ ಸಹಿಸುವುದಿಲ್ಲ? ಅದೂ ಎಂಥವನು? ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಗ ಹಾರ್ಲೆಮ್‌ನ ಕಪ್ಪುಜನರ ಚರ್ಚಿಗೆ ಹೋಗಿ, ಅವರ ಸ್ಪಿರಿಚುಯಲ್ ಹಾಡುಗಳ ಗ್ರಾಮಫೋನ್ ತಟ್ಟೆಗಳನ್ನು ಹೊತ್ತುತಂದು ಫಿಂಕೆನ್‌ವಾಲ್ಡೆಯ ವಿದ್ಯಾರ್ಥಿಗಳಿಗೆ ಕೇಳಿಸಿದವನು.

ಕಾರಣ ಊಹಿಸಬಹುದು. ಮುತ್ತಿಗೆಯೊಳಗಿರುವ ಗುಂಪು ಒಂದೇ ದನಿಯಲ್ಲಿ ಹಾಡುತ್ತದೆ. 1937ರ ಕೊನೆಗೆ ಅವನ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಜೈಲು ಸೇರುತ್ತಿದ್ದರು. ಆದರೆ ಒಂದೇ ದನಿಯ ಹಾಡಿಗೆ ಒಂದು ಬೆಲೆಯಿದೆ, ಆ ಬೆಲೆ ಪುಸ್ತಕದಲ್ಲಿ ಕಾಣುತ್ತದೆ. ಇಲ್ಲಿರುವವರೆಲ್ಲ ‘ಸಹೋದರರು’, ಹೆಣ್ಣಿನ ದನಿ ಕೇಳಿಸುವುದೇ ಅಪರೂಪ. ಮತ್ತು ಆ ಖಾಲಿ ಮನೆ. ದುರ್ಬಲರನ್ನು, ಪ್ರಯೋಜನವಿಲ್ಲದವರೆಂದು ಕಾಣುವವರನ್ನು ಸಮುದಾಯದಿಂದ ಹೊರಗಿಟ್ಟರೆ ಕ್ರಿಸ್ತನನ್ನೇ ಹೊರಗಿಟ್ಟಂತಾಗಬಹುದು ಎಂದು ಬರೆಯುವ ಕೈ, ಅದೇ ಮೇಜಿನಲ್ಲಿ ಉಣ್ಣುತ್ತಿದ್ದ ಲೈಬ್‌ಹೋಲ್ಟ್ಸ್ ಕುಟುಂಬದ ಬಗ್ಗೆ ಬರೆಯುವುದಿಲ್ಲ. ಪೊಲೀಸರ ಭಯ ಇತ್ತು, ನಿಜ. ಬಾರ್ಮೆನ್ ಘೋಷಣೆಯಲ್ಲೂ ಯೆಹೂದಿಗಳ ಬಗ್ಗೆ ಮಾತಿಲ್ಲ. ಅದು ತನ್ನ ತಪ್ಪು ಎಂದು ಬಾರ್ತ್ ಮುಪ್ಪಿನಲ್ಲಿ ಒಪ್ಪಿಕೊಂಡ. ಪುಸ್ತಕ ಬರೆದು ಕೆಲವೇ ವಾರಕ್ಕೆ, 1938ರ ನವೆಂಬರ್ 9ರ ರಾತ್ರಿ, ಜರ್ಮನಿಯ ಊರೂರುಗಳಲ್ಲಿ ಯೆಹೂದಿಗಳ ಪ್ರಾರ್ಥನಾಲಯಗಳು ಉರಿದವು. ಬಾನ್‌ಹೋಫರ್ ದಿನವೂ ಓದುತ್ತಿದ್ದ ಬೈಬಲಿನಲ್ಲಿ, ದೇವರ ಸಭಾಸ್ಥಾನಗಳನ್ನು ಸುಟ್ಟರೆಂದು ಗೋಳಿಡುವ 74ನೇ ಕೀರ್ತನೆಯ ಪಕ್ಕದಲ್ಲಿ ಆ ತಾರೀಖನ್ನು ಗುರುತುಹಾಕಿದ್ದಾನೆ. ಮಾತಿಲ್ಲ, ಬರೀ ಅಂಕಿಗಳು. ನನಗದು ಪುಸ್ತಕದಿಂದ ಬಿಟ್ಟುಹೋದ ಪುಟದ ಹಾಗೆ ಕಾಣುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಒಂದು ಸೆಮಿನಾರ್ ಪ್ರಬಂಧ ಬರೆದು ಸುಮ್ಮನಾಗುತ್ತಿದ್ದೆ. ಆದರೆ ಜೈಲಿನ ಪತ್ರಗಳು ಇವೆ. 1943ರ ಏಪ್ರಿಲಿನಲ್ಲಿ ಬಂಧನವಾದ ಮೇಲೆ ಬರ್ಲಿನ್ನಿನ ಟೇಗೆಲ್ ಜೈಲಿನಿಂದ ಅವನು ಗೆಳೆಯ ಎಬರ್‌ಹಾರ್ಡ್ ಬೆಟ್ಗೆಗೆ ಬರೆಯುತ್ತಾ ಹೋದ. ಬೆಟ್ಗೆ ಫಿಂಕೆನ್‌ವಾಲ್ಡೆಯ ವಿದ್ಯಾರ್ಥಿ. ಗ್ಯೋಟಿಂಗೆನ್‌ನ ಖಾಲಿ ಮನೆಯಲ್ಲಿ ಆ ನಾಲ್ಕು ವಾರ ಜೊತೆಗಿದ್ದವನು. 1944ರ ಮೇ 20ರ ಪತ್ರದ ಹೊತ್ತಿಗೆ ಬೆಟ್ಗೆಗೆ ಮದುವೆಯಾಗಿ ಒಂದು ವರ್ಷ, ಒಂದು ಹಸುಗೂಸು, ಮೈಮೇಲೆ ಸೇನೆಯ ಸಮವಸ್ತ್ರ. ಹೆಂಡತಿ ಮಗುವಿನ ಮೇಲಿನ ಇಷ್ಟು ಗಾಢ ಪ್ರೀತಿ ದೇವರ ಮೇಲಿನ ಪ್ರೀತಿಯನ್ನು ನುಂಗಿಬಿಡುವುದೇ ಎಂಬ ಪ್ರಶ್ನೆ ಆ ಪತ್ರದ ಹಿಂದಿದೆ. ಅಂದರೆ ಅದೇ ಪ್ರಶ್ನೆ: ಯೇಸುವಿಗೆ ಮೊದಲ ಸ್ಥಾನ ಕೊಟ್ಟರೆ ಉಳಿದವರಿಗೆ ಎಲ್ಲಿ ಜಾಗ?

ಬಾನ್‌ಹೋಫರ್ ಉತ್ತರಿಸುವುದು ಸಂಗೀತದ ಭಾಷೆಯಲ್ಲೇ, ಆದರೆ ಈಗ ಬೇರೆಯದೇ ಸಂಗೀತ. ಪಾಶ್ಚಾತ್ಯ ಬಹುದನಿ ಸಂಗೀತದಲ್ಲಿ ‘ಕ್ಯಾಂಟಸ್ ಫರ್ಮಸ್’ ಎಂಬುದೊಂದಿದೆ. ಒಂದು ದನಿ ನಿಗದಿತ ರಾಗವೊಂದನ್ನು ಸ್ಥಿರವಾಗಿ ಹಾಡುತ್ತದೆ, ಉಳಿದ ದನಿಗಳು ಅದರ ಸುತ್ತ ತಮ್ಮದೇ ದಾರಿಯಲ್ಲಿ ಹೊರಟು ಬರುತ್ತವೆ. ಇದನ್ನು ‘ಶ್ರುತಿ’ ಎಂದು ಅನುವಾದಿಸುವ ಆಸೆಯಾಗುತ್ತದೆ, ಆದರೆ ಹೊಂದುವುದಿಲ್ಲ. ತಂಬೂರಿ ಹಾಡುವುದಿಲ್ಲ, ಇದು ಹಾಡುತ್ತದೆ, ಹಾಡಿನ ಒಳಗೇ ಇರುತ್ತದೆ. ದೇವರ ಪ್ರೀತಿ ಆ ಸ್ಥಿರ ರಾಗವಾದರೆ, ಭೂಮಿಯ ಪ್ರೀತಿಗಳೆಲ್ಲ ಅದರ ಎದುರುದನಿಗಳು. ಸ್ಥಿರ ರಾಗ ಗಟ್ಟಿಯಿದ್ದಷ್ಟೂ ಎದುರುದನಿಗಳು ಧೈರ್ಯವಾಗಿ ದೂರ ಹೋಗಬಹುದು. ಅವು ತಮ್ಮಷ್ಟಕ್ಕೆ ಸ್ವತಂತ್ರ, ಆದರೂ ಕಳಚಿಕೊಂಡಿಲ್ಲ. ಬೈಬಲಿನಲ್ಲಿ ‘ಪರಮಗೀತ’ದಂಥ ಬಿಸಿಯುಸಿರಿನ ಪ್ರೇಮಗೀತೆ ಇರುವುದೇ ಒಳ್ಳೆಯದು ಎಂದೂ ಸೇರಿಸುತ್ತಾನೆ.

ಆರು ವರ್ಷದ ಹಿಂದೆ ಎರಡನೇ ದನಿಯನ್ನು ಶತ್ರುಗಳ ಪಟ್ಟಿಗೆ ಸೇರಿಸಿದವನು ಇವನೇ. ಈ ನಡುವೆ ಅವನಿಗೇ ಮದುವೆ ನಿಶ್ಚಯವಾಗಿತ್ತು; ಹಿಟ್ಲರ್ ವಿರುದ್ಧದ ಸಂಚಿನಲ್ಲಿ ದೇವರನ್ನು ನಂಬದವರ ಜೊತೆ ಸೇರಿ ಕೆಲಸ ಮಾಡಿದ್ದ; ಜೈಲಿನಲ್ಲಿ ಭಕ್ತರಿಗಿಂತ ಭಕ್ತರಲ್ಲದವರ ನಡುವೆ ಬದುಕುತ್ತಿದ್ದ. ಯೇಸು ಎಂದರೆ ಇತರರಿಗಾಗಿ ಇದ್ದ ಮನುಷ್ಯ, ಚರ್ಚು ಚರ್ಚಾಗುವುದು ಇತರರಿಗಾಗಿ ಇದ್ದಾಗ ಮಾತ್ರ ಎಂದು ಅದೇ ವರ್ಷ ಬರೆದ. ಕೆಲವು ವಿಮರ್ಶಕರು ಜೈಲಿನ ಬಾನ್‌ಹೋಫರ್ ಹಳಬನನ್ನು ಕೈಬಿಟ್ಟ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ಸ್ಥಾನ ಈಗಲೂ ಯೇಸುವಿನದೇ. ಆದರೆ ‘ಮೊದಲು’ ಎಂಬ ಪದದ ಆಕಾರ ಬದಲಾಗಿದೆ. 1938ರಲ್ಲಿ ಅದು ಎಲ್ಲರೂ ಸೇರಬೇಕಾದ ಒಂದು ಸಾಲು. 1944ರಲ್ಲಿ, ಎಲ್ಲರನ್ನೂ ಅವರವರ ಸಾಲಿಗೆ ಬಿಟ್ಟುಕೊಡುವ ಧೈರ್ಯ. ‘ಇಬ್ಬರ ನಡುವೆ ನಿಂತಿದ್ದಾನೆ’ ಎಂಬ ಹಳೆಯ ಮಾತು ಪೂರ್ತಿ ಕೇಳಿಸುವುದೂ ಇಲ್ಲಿಯೇ ಎಂದು ನನಗನ್ನಿಸುತ್ತದೆ. ಎರಡು ದನಿಗಳು ಬೇರೆಯಾಗಿ ಇದ್ದರಲ್ಲವೇ ನಡುವೆ ಜಾಗ? ಫ್ಲೊಸೆನ್‌ಬ್ಯೂರ್ಗ್‌ನ ಬಂಧೀಖಾನೆಯಲ್ಲಿ 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು. ಮೂವತ್ತೊಂಬತ್ತು ವರ್ಷ. ಆ ಪತ್ರಗಳನ್ನು ಉಳಿಸಿ ಪ್ರಕಟಿಸಿದವನು ಬೆಟ್ಗೆ.

ಕಳೆದ ಕ್ರಿಸ್‌ಮಸ್ಸಿಗೆ ಮನೆಗೆ ಹೋದಾಗ ರೋಸ್ ಕುಕೀಸ್ ಕರಿಯುತ್ತಿದ್ದ ಚಿಕ್ಕಮ್ಮನಿಗೆ ಈ ಎರಡೂ ಸಂಗತಿ ಹೇಳಿದೆ. ಆಲ್ಟೊ ಹಾಡುವವರನ್ನು ಬೈದ ಪುಟಕ್ಕೆ ಅವಳು ಬಾಣಲೆಯಿಂದ ಕಣ್ಣೆತ್ತದೆ, ‘ಅವರ ಚರ್ಚಲ್ಲಿ ಆಲ್ಟೊ ಸರಿಯಾಗಿ ಹಾಡೋರು ಇರ್ಲಿಲ್ಲ ಅನ್ಸತ್ತೆ ಬಿಡು’ ಅಂದಳು. ಜೈಲಿನ ಪತ್ರದ್ದನ್ನು ಮಾತ್ರ ಎರಡು ಸಲ ಹೇಳಿಸಿಕೊಂಡಳು. ಆಮೇಲೆ, ‘ಅದನ್ನ ಕನ್ನಡಕ್ಕೆ ಮಾಡಿ ಕೊಡು, ಇವರಿಗೂ ಓದಿ ಹೇಳ್ತೀನಿ’ ಅಂದಳು. ಇವರು ಅಂದರೆ ಚಿಕ್ಕಪ್ಪ. ಹನ್ನೆರಡು ಸಾಲು ಆಗಿದೆ. ಕ್ಯಾಂಟಸ್ ಫರ್ಮಸ್‌ಗೆ ಇನ್ನೂ ಪದ ಸಿಕ್ಕಿಲ್ಲ.